ದೊಡ್ಮನೆ ಗ್ರೂಪಲ್ಲಿ ನಾತದ ಬ್ರೆಡ್ಡು

ರಶ್ಮಿ: (ಫೋಟೊ) ಪ್ರದೀಪಣ್ಣ ಕಳಿಸಿದ್ದ ರೆಸಿಪಿ ನೋಡ್ಕೊಂಡು ನಿನ್ನೆ ಸಾಲ್ಟ್ ರೈಸಿಂಗ್ ಬ್ರೆಡ್ ಮಾಡಿದೆ. ಈಸ್ಟ್ ಒಂದು ಚೂರೂ ಹಾಕಿಲ್ಲ. ಹಾಲು, ಆಲೂಗಡ್ಡೆ, ಮುಸುಕಿನ ಜೋಳದ ಹಿಟ್ಟು, ಮೈದಾ, ಬೆಣ್ಣೆ, ಉಪ್ಪು ಅಷ್ಟೆ.

ಲೋಕೇಶ ಚಿಕ್ಕಪ್ಪ: ಸೂಪರ್ ಪುಟ್ಟಿ. ಆದ್ರೆ ಬೇಕರಿ ಬ್ರೆಡ್ಡಿನಷ್ಟು ಉಬ್ಬಿಲ್ವಲ್ಲ?

ರಶ್ಮಿ: ಇದು ಅಷ್ಟು ಉಬ್ಬಲ್ಲ ಚಿಕ್ಕಪ್ಪ. ಒಳಗೆ ಒತ್ತೊತ್ತಾಗೇ ಇರಬೇಕು. ರುಚಿ ಸ್ವಲ್ಪ ಚೀಸ್ ಥರ.

ಮಹೇಶ: ಚೀಸ್ ಅಂತೆ! ಮೊನ್ನೆ ರಾತ್ರಿ ಇಡೀ ಮನೆ ಗಬ್ಬು. ಮೇಲಿನ ಮನೆಯವರು ಇಳಿದು ಬಂದು ಡ್ರೈನೇಜ್ ಕಟ್ಕೊಂಡಿದೆಯಾ ಅಂತ ಕೇಳಿದ್ರು.

ಮಂಡ್ಯ ದೊಡ್ಡಪ್ಪ: ಏನ್ ಕಣಮ್ಮ ಇದು. ಹಾಲು ನಾರ್ತಾ ಐತೆ ಅಂದ್ರೆ ಚೆಲ್ಲೋದು ನಾವು. ಅದ್ರಲ್ಲಿ ಬ್ರೆಡ್ಡು ಮಾಡ್ಕೊಂಡು ತಿನ್ನೋಕೆ ಏನ್ ಬರಗಾಲ ಬಂದಿತ್ತು?

ಪ್ರದೀಪ: ದೊಡ್ಡಪ್ಪ, ನಾನಿರೋ ಅಮೆರಿಕದ ವೆಸ್ಟ್ ವರ್ಜೀನಿಯಾ ಕಡೆ, ಅಪಲೇಚಿಯನ್ ಬೆಟ್ಟಗಳಲ್ಲಿ, ಹಳೇ ಕಾಲದ ಹೆಂಗಸರು ಮಾಡ್ತಿದ್ದ ಬ್ರೆಡ್ಡು ಇದು. ಆಗ ಅಂಗಡೀಲಿ ಈಸ್ಟ್ ಎಲ್ಲಿ? ಸಿನ್ಸಿನಾಟಿಯಲ್ಲಿ ಫ್ಲೈಷ್‌ಮನ್ ಅವರು ಅಚ್ಚು ಈಸ್ಟ್ ಮಾಡಿ ಮಾರೋಕೆ ಶುರು ಮಾಡಿದ್ದೇ 1868ರಲ್ಲಿ. ಬೆಟ್ಟದ ಮೇಲಿದ್ದವರು ಮನೇಲಿದ್ದ ಹಾಲು, ಜೋಳ, ಆಲೂಗಡ್ಡೆನೇ ಹುದುಗು ಬರಿಸ್ಕೊಂಡ್ರು. ನಮ್ಮ ಇಡ್ಲಿ ಹಿಟ್ಟು ಹೇಗೋ ಹಾಗೇ ಇದು.

ಮಂಡ್ಯ ದೊಡ್ಡಪ್ಪ: ಇಡ್ಲಿ ಹಿಟ್ಟು ನಾರಲ್ಲ.

ಮದ್ದೂರು ಚಿಕ್ಕಮ್ಮ: ಫ್ರಿಜ್ಜಿಗೆ ಇಡ್ದೆ ಮೂರು ದಿನ ಬುಟ್ಟು ನೋಡಿ ಭಾವ

ಸುಮಿತ್ರತ್ತೆ: ಪ್ರದೀಪ, ಇಡ್ಲಿ ಹಿಟ್ಟಿನ ಹಾಗೇ ಅನ್ನೋದು ತಪ್ಪು. ಅಡುಗೆಮನೆ ಕೆಲಸ ಮುಗಿಸಿ ಬರೀತೀನಿ.

ಮಂಡ್ಯ ದೊಡ್ಡಪ್ಪ: (ಫಾರ್ವರ್ಡ್ ಮಾಡಲಾಗಿದೆ) ಬ್ರೆಡ್ ತಿನ್ನುವವರೇ ಎಚ್ಚರ!! ಪೊಟ್ಯಾಸಿಯಂ ಬ್ರೋಮೇಟ್ ಎಂಬ ವಿಷ...

ರಶ್ಮಿ: ದೊಡ್ಡಪ್ಪ, ಅದನ್ನ ನಮ್ಮ ದೇಶದಲ್ಲಿ 2016ರಲ್ಲೇ ನಿಷೇಧ ಮಾಡಿದ್ದಾರೆ. ಅದೂ ಕಾರ್ಖಾನೆ ಬ್ರೆಡ್ಡಿನ ವಿಷಯ. ನಾನು ಮಾಡಿದ್ದು ಮನೇಲಿ.

ಲೋಕೇಶ ಚಿಕ್ಕಪ್ಪ: ಅಣ್ಣ, ಆ ಮೆಸೇಜು ವರ್ಷಕ್ಕೊಂದು ಸಲ ಸುತ್ತು ಹೊಡ್ಕೊಂಡು ಬತ್ತದೆ.

ಮದ್ದೂರು ಚಿಕ್ಕಮ್ಮ: ಯಾರಿಗೂ ಹೇಳಿರ್ಲಿಲ್ಲ, ಪ್ರದೀಪ ಕಳಿಸಿದ್ ದಿನ ನಾನೂ ಮಾಡ್ದೆ. ಬೆಳಗಾದ್ರೂ ಒಂದು ಗುಳ್ಳೆ ಇಲ್ಲ. ನಾತನೂ ಇಲ್ಲ

ಸುಮಿತ್ರತ್ತೆ: ಯಾವ ಹಿಟ್ಟು ಹಾಕಿದ್ದೆ? ಎಲ್ಲಿಟ್ಟಿದ್ದೆ?

ಮದ್ದೂರು ಚಿಕ್ಕಮ್ಮ: ಪ್ಯಾಕೆಟ್ ಕಾರ್ನ್‌ಫ್ಲೋರ್ ಅತ್ತಿಗೆ, ಗೋಬಿ ಮಂಚೂರಿಗೆ ತಂದಿದ್ದು. ರೈಸ್ ಕುಕ್ಕರಲ್ಲಿ ವಾರ್ಮ್ ಮಾಡಿ ಇಟ್ಟಿದ್ದೆ

ಸುಮಿತ್ರತ್ತೆ: ಆ ಪ್ಯಾಕೆಟ್ಟು ತೊಳೆದು ತೆಗೆದ ಬರೀ ಪಿಷ್ಟ. ಇಡೀ ಕಾಳು ಬೀಸಿದ ತರಿ ಹಿಟ್ಟು ಬೇಕು. ಕುಕ್ಕರ್ ವಾರ್ಮ್ ಅಂದ್ರೆ 60 ಡಿಗ್ರಿ ಮೇಲೆ. ಅನ್ನ ಹಳಸದೆ ಇರಲಿ ಅಂತಲೇ ಅಷ್ಟು ಬಿಸಿ ಇಡೋದು. ಅಲ್ಲಿ ಏನು ಬೆಳೆಯುತ್ತೆ?

ರಶ್ಮಿ: ನಾನು ಮುಸುಕಿನ ಜೋಳ ತಂದು ಮಿಲ್ಲಲ್ಲಿ ತರಿತರಿಯಾಗಿ ಹಾಕಿಸ್ಕೊಂಡೆ ಚಿಕ್ಕಮ್ಮ. ಆ ಹಿಟ್ಟು, ಆಲೂಗಡ್ಡೆ ಹೋಳಿನ ಮೇಲೆ ಕಾದ ಹಾಲು ಹುಯ್ದು, ಬಟ್ಟಲನ್ನ ಹಾಟ್‌ಬಾಕ್ಸಲ್ಲಿಟ್ಟು ಸುತ್ತ ಬಿಸಿನೀರು ಹುಯ್ದಿದ್ದೆ. ನಡುರಾತ್ರಿ ಎದ್ದು ನೀರು ಬದಲಾಯಿಸಿದೆ. 40 ಡಿಗ್ರಿ ಆಸುಪಾಸು ಇದ್ರೆ ಬೆಳಗಿನ ಹೊತ್ತಿಗೆ ನೊರೆ ಬರುತ್ತೆ. ಆಮೇಲೆ ಆಲೂಗಡ್ಡೆ ಹೋಳು ತೆಗೆದು, ಬಿಸಿನೀರು ಮೈದಾ ಕಲಸಿ ಇನ್ನೊಂದು ಸಲ ಉಬ್ಬಿಸಬೇಕು. ಆಮೇಲೆ ನಾದಿ, ಟಿನ್ನಿಗೆ ಹಾಕಿ ಮತ್ತೆ ಕಾಯಬೇಕು.

ಮಹೇಶ: ಮಧ್ಯೆ ಕಿಟಕಿ ತೆಗೆದು ಫ್ಯಾನ್ ಹಾಕಬೇಕು, ಅದನ್ನ ಬಿಟ್ಟೆ.

ಸುಮಿತ್ರತ್ತೆ: ಈಗ ಬರೀತಿದ್ದೀನಿ, ಮಧ್ಯೆ ಯಾರೂ ಸ್ಟಿಕ್ಕರ್ ಹಾಕಬೇಡಿ. ಇಡ್ಲಿ ಹಿಟ್ಟಲ್ಲಿ ಮುಖ್ಯವಾಗಿ ಕೆಲಸ ಮಾಡೋದು ಲ್ಯೂಕೊನಾಸ್ಟಾಕ್ ಅನ್ನೋ ಬ್ಯಾಕ್ಟೀರಿಯಾ. ಅದು ಹಿಟ್ಟನ್ನ ಹುಳಿ ಮಾಡುತ್ತೆ. ಹುಳಿ ಏರಿದ ಮೇಲೆ ರೋಗ ತರೋ ಬಹಳಷ್ಟು ಬ್ಯಾಕ್ಟೀರಿಯಾ ಅಲ್ಲಿ ತಲೆ ಎತ್ತಲ್ಲ. ಆ ಹುಳಿಯೇ ಹಿಟ್ಟಿಗೆ ಕಾವಲು. ರಶ್ಮಿ ಬಟ್ಟಲಲ್ಲಿ ಕಥೆ ಉಲ್ಟಾ. ಕಾದ ಹಾಲು ಹುಯ್ದ ತಕ್ಷಣ ಈಸ್ಟು, ಹುಳಿ ಮಾಡೋವು ಬಹುಪಾಲು ಸತ್ತವು. ಉಳಿದದ್ದು ಬೀಜಾಣು ಅಂತ ಗಟ್ಟಿ ಕವಚ ಕಟ್ಟಿಕೊಂಡು ಕೂತಿದ್ದವು, ಅವು ಕುದಿಸಿದ್ರೂ ಸಾಯಲ್ಲ. ಬೆಚ್ಚಗೆ ಇಟ್ಟಾಗ ಎದ್ದಿದ್ದು ಅವೇ. ಮುಖ್ಯವಾದ್ದು ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್. ಹೈಡ್ರೋಜನ್ನು, ಕಾರ್ಬನ್ ಡೈಆಕ್ಸೈಡು ಬಿಟ್ಟು ಬ್ರೆಡ್ಡು ಉಬ್ಬಿಸೋದೂ ಅದೇ, ಮಹೇಶನ ನಿದ್ದೆ ಕೆಡಿಸಿದ್ದೂ ಅದೇ.

ಮಹೇಶ: ಕ್ಲಾಸ್ಟ್ರಿಡಿಯಂ ಅಂದ್ರೆ ಧನುರ್ವಾಯು ಅಲ್ವಾ ಅತ್ತೆ??

ಸುಮಿತ್ರತ್ತೆ: ಅದರ ದಾಯಾದಿ. ಧನುರ್ವಾಯುದು ಬೇರೆ. ಇದನ್ನ ನೀವೆಲ್ಲ ಬೀಗರೂಟದಲ್ಲಿ ನೋಡಿದ್ದೀರಿ. ದೊಡ್ಡ ಪಾತ್ರೇಲಿ ಮಟನ್ ಸಾರು ಮಿಕ್ಕಿದ್ದು ರಾತ್ರಿಯೆಲ್ಲ ಹಾಗೇ ಇರುತ್ತೆ, ಆರೋಕೇ ಬೆಳಗಾಗುತ್ತೆ. ಮಾರನೇ ದಿನ ಬೆಚ್ಚಗೆ ಮಾಡಿ ಬಡಿಸ್ತಾರೆ. ಸಂಜೆಗೆ ಮನೆಮಂದಿಗೆಲ್ಲ ಹೊಟ್ಟೆ ಹಿಂಡಿ ಭೇದಿ. ಎಷ್ಟೋ ಸಲ ಅದಕ್ಕೆ ಕಾರಣ ಇದೇ ಬ್ಯಾಕ್ಟೀರಿಯಾ. ಬದುಕಿರೋವು ಲಕ್ಷಗಟ್ಟಲೆ ಹೊಟ್ಟೆಗೆ ಹೋಗಿ, ಕರುಳಲ್ಲಿ ವಿಷ ಬಿಡುತ್ತವೆ.

ಮಂಡ್ಯ ದೊಡ್ಡಪ್ಪ: ನಾನ್ ಹೇಳಿದ್ದೂ ಅದೇಯ. ಎಸಿ ಅತ್ಲಾಗೆ.

ಸುಮಿತ್ರತ್ತೆ: ಪೂರ್ತಿ ಕೇಳಣ್ಣ. ಓವನ್ನಲ್ಲಿ ಬ್ರೆಡ್ಡಿನ ನಡುಭಾಗ 90 ಡಿಗ್ರಿ ದಾಟುತ್ತೆ, ಬೆಳೆದು ನಿಂತಿರೋವು ಅಲ್ಲೇ ಸಾಯ್ತವೆ. ಬೀಜಾಣು ಉಳೀಬಹುದು, ಆದ್ರೆ ಬೇಯಿಸಿ ಆವತ್ತೇ ತಿಂದ್ರೆ ಅವಕ್ಕೆ ಮತ್ತೆ ಬೆಳೆಯೋಕೆ ಹೊತ್ತಿಲ್ಲ. ಎಸಿಬೇಕಾಗಿಲ್ಲ.

ಪ್ರದೀಪ: ಇದನ್ನ ಪರೀಕ್ಷೆ ಮಾಡಿ 2008ರಲ್ಲಿ ಇಲ್ಲಿಯ ವೆಸ್ಟ್ ವರ್ಜೀನಿಯಾ ಮೆಡಿಕಲ್ ಜರ್ನಲ್ಲಲ್ಲಿ ಬರೆದಿದ್ದಾರೆ ಅತ್ತೆ. ಬ್ಯಾಕ್ಟೀರಿಯಾ ಸಿಕ್ತು, ಆ ಭೇದಿ ವಿಷ ಮಾಡೋ ಗುಣ ಅದರಲ್ಲಿ ಸಿಗಲಿಲ್ಲ. ಇನ್ನೇನು?

ಸುಮಿತ್ರತ್ತೆ: ನೋಡಿದ್ದೀನಿ. ಅವರು ನೋಡಿದ್ದು ಅಲ್ಲಿಯ ಕೆಲವು ಮಾದರಿ. ಈ ಹುದುಗು ಯಾರ ಮನೆಯಿಂದಲೂ ಬರಲ್ಲ, ಪ್ರತಿ ಸಲ ಹೊಸದಾಗಿ ಹುಟ್ಟೋದು. ಅವರ ಬಟ್ಟಲಲ್ಲಿ ಎದ್ದಿದ್ದು ಅವರ ಜೋಳ, ಅವರ ಆಲೂಗಡ್ಡೆಯಲ್ಲಿದ್ದದ್ದು. ರಶ್ಮಿ ಇರೋ ಕುವೆಂಪುನಗರದ ಆಲೂಗಡ್ಡೆಯಲ್ಲಿ ಏನಿದೆ ಅಂತ ಯಾರು ಪರೀಕ್ಷೆ ಮಾಡಿದ್ದಾರೆ? ಅಲ್ಲಿ ಅಜ್ಜಿಯರು ಕಾಲದಿಂದ ತಿಂದಿದ್ದು ಇಲ್ಲಿಗೆ ಸರ್ಟಿಫಿಕೇಟ್ ಆಗಲ್ಲ. ಅವರೂ ಬೇಯಿಸಿಯೇ ತಿಂದಿದ್ದು. ಹಸಿ ಹುದುಗು ಮಾತ್ರ ಯಾರೂ ಬಾಯಿಗೆ ಇಡಬಾರದು.

ಮಹೇಶ: ಅತ್ತೆ, ನಾನು ನಿನ್ನೆ ಬೆಳಿಗ್ಗೆ ಬೆರಳಲ್ಲಿ ಅದ್ದಿ ನೆಕ್ಕಿ ನೋಡಿದ್ದೆ

ರಶ್ಮಿ: ಏನು?? ನನಗೆ ಹೇಳೇ ಇಲ್ಲ!

ಸುಮಿತ್ರತ್ತೆ: ಎಷ್ಟೊತ್ತಿಗೆ?

ಮಹೇಶ: ಆರೂವರೆ

ಸುಮಿತ್ರತ್ತೆ: ಈಗ ಸಂಜೆ ಆಯ್ತು. ಆಗೋದಿದ್ರೆ 24 ಗಂಟೆ ಒಳಗೆ ಆಗಿರ್ತಿತ್ತು. ಇನ್ನೊಂದ್ಸಲ ನೆಕ್ಕಬೇಡ.

ಮದ್ದೂರು ಚಿಕ್ಕಮ್ಮ: ನಾತಕ್ಕೆ ಬೈತಿದ್ದೋರೇ ನೆಕ್ಕಿರೋದು ನೋಡಿ

ಪ್ರದೀಪ: ಅತ್ತೆ, ಹಾಗಂತ ಹೆದರಿಸಿದ್ರೆ ಇನ್ನು ಯಾರೂ ಮಾಡಲ್ಲ. ಇಲ್ಲೇ ಮಾಡೋವ್ರು ಕಮ್ಮಿ ಆಗ್ತಿದ್ದಾರೆ.

ಸುಮಿತ್ರತ್ತೆ: ಹೆದರಿಸ್ತಿಲ್ಲಪ್ಪ. ನೀನು ಇಡ್ಲಿ ಹಿಟ್ಟು ಅಂತ ಹೇಳಿದ್ರೆ ನಮ್ಮವರು ಇಡ್ಲಿ ಹಿಟ್ಟಿನ ಥರಾನೇ ನಡೆಸ್ಕೋತಾರೆ. ಬೆರಳಲ್ಲಿ ರುಚಿ ನೋಡ್ತಾರೆ, ಮಿಕ್ಕಿದ್ದು ಎತ್ತಿಟ್ಟು ಎರಡು ದಿನ ಬಿಟ್ಟು ಬಳಸ್ತಾರೆ. ಆಗಲೇ ಒಬ್ಬ ನೆಕ್ಕಿ ಆಯ್ತಲ್ಲ.

ರಶ್ಮಿ: ಎಲ್ಲರೂ ಜೀವಾಣು ಎಣಿಸಿದ್ರಿ, ರುಚಿ ಹೇಗಿದೆ ಅಂತ ಒಬ್ಬರೂ ಕೇಳಲಿಲ್ಲ.

ಲೋಕೇಶ ಚಿಕ್ಕಪ್ಪ: ಹೇಗಿದೆ ಪುಟ್ಟಿ?

ರಶ್ಮಿ: ನಿನ್ನೆ ಬಿಸಿಬಿಸಿ ಬೆಣ್ಣೆ ಹಚ್ಚಿ ತಿಂದಾಗ ತುಂಬಾ ಚೆನ್ನಾಗಿತ್ತು. ಮಕ್ಕಳು ಅರ್ಧ ಖಾಲಿ ಮಾಡಿದ್ರು. ಮಿಕ್ಕಿದ್ದನ್ನ ರಾತ್ರಿನೇ ಫ್ರೀಜರಿಗೆ ಹಾಕಿದ್ದೀನಿ.

ಸುಮಿತ್ರತ್ತೆ: ಅದು ಸರಿ. ನಾಳೆ ಎರಡು ತುಂಡು ಸರಸ್ವತಿಪುರಂಗೆ, ನಮ್ಮನೆಗೆ ತಂದುಕೊಡು. ಪಲ್ಲವಿಗೆ ಮಾತ್ರ ಬೇಡ, ಬಸುರಿ.

ಮಂಡ್ಯ ದೊಡ್ಡಪ್ಪ: ನೀನೇ ತಿಂತೀಯ ಅಂದ್ಮೇಲೆ ನಂದೇನು. ಕಾವಲಿ ಮೇಲೆ ತುಪ್ಪ ಹಾಕಿ ಸುಟ್ರೆ ಆ ವಾಸ್ನೆ ಹೋಯ್ತದಾ ರಶ್ಮಿ?

ರಶ್ಮಿ: ಹೋಗಲ್ಲ ದೊಡ್ಡಪ್ಪ, ಜಾಸ್ತಿ ಆಗುತ್ತೆ.

ಮಂಡ್ಯ ದೊಡ್ಡಪ್ಪ: ಹಂಗಾರೆ ಬ್ಯಾಡ ಬುಡು.