ಸ್ಪಿನೋಜಾನ ದೇವರಿಗೆ ಆಯ್ಕೆ ಇದೆಯಾ?

ಪ್ರಶ್ನೆ: ಚಿಕ್ಕಮಗಳೂರಿನ ನಮ್ಮ ಓದುಕೂಟದಲ್ಲಿ 17ನೇ ಶತಮಾನದ ಡಚ್ ತತ್ವಜ್ಞಾನಿ ಸ್ಪಿನೋಜಾನ ‘ಎಥಿಕ್ಸ್’ ಮೊದಲ ಭಾಗ ನಡೀತಿದೆ. ದ್ರವ್ಯ (ಬೇರೆ ಯಾವುದನ್ನೂ ಆಶ್ರಯಿಸದೆ ತಾನೇ ಇರುವಂಥದ್ದು) ಒಂದೇ ಅನ್ನೋ 14ನೇ ಪ್ರಮೇಯದಲ್ಲಿ ಎಳೆ ತಪ್ಪುತ್ತೆ. ಎಲ್ಲಿಂದ ಹಿಡೀಬೇಕು? ಸ್ಪಿನೋಜಾ ಹೇಳೋ ಹಾಗೆ ಎಲ್ಲಾ ಅನಿವಾರ್ಯ ಆದ್ರೆ ದೇವರು ಸ್ವತಂತ್ರ ಹೇಗೆ?

ಉತ್ತರ 1: ಸಾರ್, 5, 11ನೇ ಪ್ರಮೇಯ ಜೋಡಿಸಿ ಓದಿ. 5ರ ಪ್ರಕಾರ ಒಂದೇ ಗುಣದ (ದ್ರವ್ಯದ ಸಾರ ಅಂತ ಬುದ್ಧಿಗೆ ಕಾಣೋದು ಗುಣ; ಯೋಚನೆ ಒಂದು, ಜಾಗ ತುಂಬೋ ವಿಸ್ತಾರ ಇನ್ನೊಂದು) ಎರಡು ದ್ರವ್ಯ ಇರಲಾರವು. 11ರ ಪ್ರಕಾರ ಅನಂತ ಗುಣಗಳ ದೇವರು ಇರಲೇಬೇಕು. ಗುಣಗಳೆಲ್ಲ ಅವನವೇ ಆದ ಮೇಲೆ ಇನ್ನೊಂದು ದ್ರವ್ಯಕ್ಕೆ ಉಳಿಯೋದೇನು? ಅದೇ 14. ಸಡಿಲ ಕೊಂಡಿ 5. ಕ-ಚ ಗುಣಗಳ ಒಂದು ದ್ರವ್ಯ, ಚ-ಟ ಗುಣಗಳ ಇನ್ನೊಂದು ಯಾಕಿರಬಾರದು ಅಂತ ಜರ್ಮನ್ ತತ್ವಜ್ಞಾನಿ ಲೈಬ್‌ನಿಟ್ಸ್ ಹಿಡಿದದ್ದು ಅಲ್ಲೇ.

ಸ್ವಾತಂತ್ರ್ಯಕ್ಕೆ 7ನೇ ವ್ಯಾಖ್ಯೆ ನೋಡಿ: ಬರೀ ತನ್ನ ಸ್ವಭಾವದ ಅನಿವಾರ್ಯತೆಯಿಂದ ಇರುವಂಥದ್ದು, ತಾನೇ ನಡೆಯುವಂಥದ್ದು ಸ್ವತಂತ್ರ. ಅದಕ್ಕೆ ಎದುರು ನಿಲ್ಲೋದು ಹೊರಗಿನ ಒತ್ತಾಯ, ಅನಿವಾರ್ಯತೆ ಅಲ್ಲ.

ಉತ್ತರ 2: ಶೃಂಗೇರಿ ನಮ್ಮ ಜಿಲ್ಲೇಲೇ ಇದೆ ಅಂತ ಇದನ್ನ ಅದ್ವೈತಕ್ಕೆ ಸೇರಿಸಿಬಿಡಬೇಡಿ! ಅಲ್ಲಿ ಬ್ರಹ್ಮ ನಿರ್ಗುಣ. ಇಲ್ಲಿ ವಿಸ್ತಾರವೂ ದೇವರ ಗುಣವೇ, ಜಗತ್ತು ಮಿಥ್ಯೆಯಲ್ಲ.

ಉತ್ತರ 3: 1676ರಲ್ಲಿ ಹೇಗ್‌ನಲ್ಲಿ ಸ್ಪಿನೋಜಾನನ್ನ ಕಂಡು ಮಾತಾಡಿದ್ದ ಲೈಬ್‌ನಿಟ್ಸ್, ದೇವರಿಗೆ ಆಯ್ಕೆ ಉಳಿಸೋಕೆ ನೋಡಿದ: ಸಾಧ್ಯ ಜಗತ್ತುಗಳು ಹಲವು, ದೇವರು ಅತ್ಯುತ್ತಮವನ್ನ ಆರಿಸ್ತಾನೆ. ಅತ್ಯುತ್ತಮವನ್ನೇ ಆರಿಸಬೇಕಾದ್ರೆ ಅದು ಆಯ್ಕೆಯಾ? ಮಿಕ್ಕ ಜಗತ್ತುಗಳಲ್ಲೂ ಒಳವಿರೋಧವಿಲ್ಲ, ಅಂದ್ರೆ ಅವೂ ಸಾಧ್ಯವೇ, ಆಯ್ಕೆ ಅನ್ನೋಕೆ ಅಷ್ಟು ಸಾಕು ಅಂತಾನೆ. ನನಗಂತೂ ಅದು ಸಾಲದು.