ಸ್ಲ್ಯಾಬ್ ಮನೆ ರೊಟ್ಟಿ ಹಂಚಿನ ಹಾಗೆ ಕಾಯುತ್ತಿದೆ, ಅಪ್ಪ-ಅವ್ವನಿಗೆ ಎಸಿ ಹಾಕಿಸಲಾ?

ಚಿತ್ತಾಪುರದವ
ನಾನು ಬೆಂಗಳೂರಲ್ಲಿದ್ದೇನೆ, ಅಪ್ಪ-ಅವ್ವ ಕಲಬುರಗಿ ಜಿಲ್ಲೆಯ ಚಿತ್ತಾಪುರ ಹತ್ತಿರದ ಹಳ್ಳಿಯಲ್ಲಿ. ಇಬ್ಬರಿಗೂ ಎಪ್ಪತ್ತು ದಾಟಿದೆ. ಹಳೆ ಮಣ್ಣಿನ ಮಾಳಿಗೆ ಮನೆ ಕೆಡವಿ ಸ್ಲ್ಯಾಬ್ ಹಾಕಿಸಿದವನು ನಾನೇ, ಬೇಸಿಗೆ ಬಂದರೆ ಅವ್ವ ಅದನ್ನೇ ಎತ್ತಿ ಆಡುತ್ತಾಳೆ. ರಾತ್ರಿ ಹನ್ನೊಂದಾದರೂ ಗೋಡೆ ಬೆಚ್ಚಗಿರುತ್ತದೆ. ಕೂಲರ್ ಇದೆ, ಆದರೆ ಕೊಡ ಎತ್ತಿ ಅದಕ್ಕೆ ನೀರು ತುಂಬುವವರು ಯಾರು? ಹಾಗಾಗಿ ಅದರ ಮೇಲೆ ಈಗ ಹಾಸಿಗೆ ಮಡಚಿಟ್ಟಿದ್ದಾರೆ. ಎಸಿ ಹಾಕಿಸಿಬಿಡಲಾ?

ಸೇಡಂ ಗೌಂಡಿ
ಈಗಲೇ ಬೇಡ ಅಣ್ಣ. ಸ್ಲ್ಯಾಬು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಒಳಗೆ ಬಿಡುತ್ತದೆ, ಅದನ್ನು ಹಾಗೇ ಬಿಟ್ಟು ಎಸಿ ಹಾಕಿದರೆ ಎಸಿ ಒದ್ದಾಡುವುದು ಸ್ಲ್ಯಾಬಿನ ಜೊತೆಗೇ. ಮೊದಲು ಮೇಲೆ ಸುಣ್ಣ ಹೊಡೆಸಿ. ಸುಣ್ಣ ರಾತ್ರಿಯಿಡೀ ನೆನೆಸಿ, ಸೋಸಿ, ಸ್ವಲ್ಪ ಫೆವಿಕಾಲ್ ಬೆರೆಸಿ, ಧೂಳು ಗುಡಿಸಿ ತೊಳೆದು ಎರಡು ಕೈ ಹೊಡೆಯಬೇಕು. ಮಳೆಗೆ ಹೋಗುತ್ತದೆ, ವರ್ಷಾ ವರ್ಷಾ ಮಾಡಬೇಕು. ಶಹಾಬಾದ್ ಕಲ್ಲು ಹಾಸಿ ಅಂತ ಯಾರಾದರೂ ಹೇಳುತ್ತಾರೆ, ಕೇಳಬೇಡಿ, ಬೂದು ಕಲ್ಲು ಬಿಳಿ ಸುಣ್ಣದಷ್ಟು ಬಿಸಿಲು ತಿರುಗಿಸುವುದಿಲ್ಲ, ಭಾರ ಬೇರೆ.

ಬೀದರ್ ಅಕ್ಕ
ಕೂಲರ್ ಬಿಸಾಕಬೇಡಿ, ನಮ್ಮ ಕಡೆಯ ಒಣ ಬಿಸಿಲಿಗೆ ಅದೇ ಸರಿ. ಮೇಲಿನ ಟ್ಯಾಂಕಿನಿಂದ ಸಣ್ಣ ಪೈಪ್ ಎಳೆದು ಫ್ಲೋಟ್ ವಾಲ್ವ್ ಹಾಕಿಸಿ, ನೀರು ತಾನೇ ತುಂಬಿಕೊಳ್ಳುತ್ತದೆ. ಎದುರು ಕಿಟಕಿ ಸ್ವಲ್ಪ ತೆರೆದಿರಬೇಕು, ಇಲ್ಲಾಂದ್ರೆ ಬರೀ ಜಿಗಿಜಿಗಿ. ಹಳೆ ಫ್ಯಾನ್ 75 ವ್ಯಾಟ್ ತಿನ್ನುತ್ತದೆ, ಕಡಿಮೆ ಕರೆಂಟಿನ ಹೊಸ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ದಿನಕ್ಕೆ 15 ತಾಸು ಓಡಿದರೆ ತಿಂಗಳಿಗೆ ಒಂದು ಫ್ಯಾನಿಗೆ 20 ಯೂನಿಟ್ ಉಳಿತಾಯ, ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ಎರಡು ಪಟ್ಟು ಹೊತ್ತು ಓಡುತ್ತದೆ. ಎಸಿ ಹಾಕಿ ತಿಂಗಳಿಗೆ 200 ಯೂನಿಟ್ ದಾಟಿದರೆ ಗೃಹಜ್ಯೋತಿಯ ಉಚಿತ ಕರೆಂಟೂ ಇಲ್ಲ, ಪೂರ್ತಿ ಬಿಲ್ ನಿಮ್ಮದೇ.

ಯಾದಗಿರಿ ಸಿಸ್ಟರ್
ಒಂದು ಮಾತು. 40 ಡಿಗ್ರಿ ದಾಟಿದ ಮೇಲೆ ಬರೀ ಫ್ಯಾನ್ ಬಿಸಿ ಗಾಳಿಯನ್ನೇ ಮೈಗೆ ಊದುತ್ತದೆ. ಒದ್ದೆ ಪಂಚೆ ಹೆಗಲಿಗೆ ಹಾಕಿಕೊಳ್ಳಲಿ. ವಯಸ್ಸಾದವರಿಗೆ ನೀರಡಿಕೆ ಬೇಗ ತಿಳಿಯುವುದಿಲ್ಲ, ಕೇಳಿದರೆ ‘ಬೇಡ’ ಅಂತಾರೆ. ಕೇಳಬೇಡಿ, ಮಜ್ಜಿಗೆ ಕೈಗೆ ಕೊಡಿ. ಮಾತು ತೊದಲಿದರೆ, ಗಲಿಬಿಲಿಯಾದರೆ ಕೂಡಲೇ ಆಸ್ಪತ್ರೆಗೆ.

ಚಿತ್ತಾಪುರದವ
ಫೋನಿನಲ್ಲಿ ಹೇಳಿದೆ. ಅಪ್ಪ ಸುಣ್ಣಕ್ಕೆ ಒಪ್ಪಿದ. ಅವ್ವ ಕೇಳುತ್ತಿರುವುದು ಒಂದೇ, ಸುಣ್ಣ ಹೊಡೆದರೆ ಸಂಡಿಗೆ ಎಲ್ಲಿ ಹಾಕಲಿ ಅಂತ.

ಸೇಡಂ ಗೌಂಡಿ
ಒಣಗಿದ ಮೇಲೆ ಹಳೆ ಸೀರೆ ಹಾಸಿ ಅಲ್ಲೇ ಹಾಕಲಿ ಅಣ್ಣ. ನಮ್ಮ ಮನೆಯಲ್ಲೂ ಹಾಗೇ.