ರೈಲಿನ ಕೋಚ್, ಕ್ಲಾಸಿನ ಕೋಚ್: ಎರಡೂ ಒಂದೇ ಪದಾನಾ?

ಸಪ್ತಾಪುರದವಳು:
ನಮ್ಮ ಮನೆ ಧಾರವಾಡದ ಸಪ್ತಾಪುರದಲ್ಲಿ. ಇಲ್ಲಿ ತಿರುಗಿದಲ್ಲೆಲ್ಲ ಕೋಚಿಂಗ್ ಬೋರ್ಡೇ. ನನ್ನ ಮಗನೂ ಪಿಎಸ್‌ಐ ಪರೀಕ್ಷೆಗೆ ಅಂತ ಒಂದು ಕಡೆ ಹೋಗುತ್ತಿದ್ದಾನೆ. ಮೊನ್ನೆ ಅವ್ವನನ್ನು ರೈಲು ಹತ್ತಿಸಲು ಹುಬ್ಬಳ್ಳಿಗೆ ಹೋಗಿದ್ದೆ. ಎಂಟನೇ ಪ್ಲಾಟ್‌ಫಾರ್ಮ್ ಗೊತ್ತಲ್ಲ, 1507 ಮೀಟರ್ ಉದ್ದ! ನಮ್ಮ ಕೋಚ್ ಹುಡುಕುತ್ತಾ ನಡೆದೇ ನಡೆದೆವು. ಆಗ ಅವ್ವ, "ಇವನ ಕ್ಲಾಸಿನ ಕೋಚೂ ಇದೂ ಒಂದ ಏನ?" ಅಂತ ಕೇಳಿದಳು. ಸುಮ್ನೆ ನಕ್ಕೆ. ಆಮೇಲೆ ನೋಡಿದರೆ ಉತ್ತರ ನನಗೂ ಗೊತ್ತಿಲ್ಲ.

ಗದಗದ ಮೇಷ್ಟ್ರು:
ನಗಬೇಡಿ, ನಿಮ್ಮ ಅವ್ವ ಕೇಳಿದ್ದು ಸರಿ. ಎರಡೂ ಒಂದೇ ಪದ. ಹಂಗೇರಿಯಲ್ಲಿ ಕೋಚ್ ಅಂತ ಒಂದು ಹಳ್ಳಿ ಇದೆ. 15ನೇ ಶತಮಾನದಲ್ಲಿ ಅಲ್ಲಿನ ಕುದುರೆ ಗಾಡಿಗಳು ಹೆಸರುವಾಸಿಯಾದವು. ನಾವು ಅಂಗಡಿಯಲ್ಲಿ "ಅರ್ಧ ಕಿಲೋ ಬ್ಯಾಡಗಿ ಕೊಡ್ರಿ" ಅನ್ನುತ್ತೇವೆ, ಮೆಣಸಿನಕಾಯಿ ಅನ್ನುವುದೇ ಇಲ್ಲ ಅಲ್ವಾ? ಹಾಗೆಯೇ ಊರಿನ ಹೆಸರೇ ಗಾಡಿಯ ಹೆಸರಾಯಿತು. ಜರ್ಮನ್, ಫ್ರೆಂಚ್ ಸುತ್ತಿ 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ರೈಲು ಬಂದ ಮೇಲೆ ಕುದುರೆ ಹೋಯಿತು, ಹೆಸರು ಉಳಿಯಿತು. ಹಂಗೇರಿಯವರು ಈಗಲೂ ಕಾರಿಗೆ ಕೋಚಿ ಅನ್ನುತ್ತಾರೆ.

ಪಾಠದ ಕೋಚ್ ಶುರುವಾಗಿದ್ದು 1830ರ ಸುಮಾರಿಗೆ, ಆಕ್ಸ್‌ಫರ್ಡ್ ಹುಡುಗರ ತಮಾಷೆಯಿಂದ. ಓದದವನನ್ನೂ ಗಾಡಿಯಲ್ಲಿ ಕೂರಿಸಿಕೊಂಡ ಹಾಗೆ ಪರೀಕ್ಷೆ ದಾಟಿಸುವ ಮೇಷ್ಟ್ರಿಗೆ ಕೋಚ್ ಅಂದರು. ಆಟದ ಕೋಚ್ ಬಂದಿದ್ದು ಆಮೇಲೆ.

ಗದಗ ರೋಡ್ ವರ್ಕ್‌ಶಾಪ್:
ನಮ್ಮ ಕಡೆ ಮಂದಿ ಕೋಚ್ ಅನ್ನುವುದಕ್ಕಿಂತ ಬೋಗಿ ಅನ್ನುವುದೇ ಜಾಸ್ತಿ. ಅಸಲಿಗೆ ಬೋಗಿ ಅಂದರೆ ಡಬ್ಬಿಯ ಕೆಳಗಿನ ಗಾಲಿಗಳ ಚೌಕಟ್ಟು. ಒಂದು ಡಬ್ಬಿಗೆ ಎರಡು ಬೋಗಿ, ಒಂದೊಂದಕ್ಕೆ ನಾಲ್ಕು ಗಾಲಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ "ಬೋಗಿ ಬಿಚ್ಚು" ಅಂದರು. ಪೂರಾ ಡಬ್ಬಿ ಬಿಚ್ಚಬೇಕೇನೋ ಅಂತ ಬೆವತು ಹೋಗಿದ್ದೆ.

ಸಪ್ತಾಪುರದವಳು:
ಇಬ್ಬರಿಗೂ ಥ್ಯಾಂಕ್ಸ್. ಅವ್ವನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಬೋಗಿ ವಿಷಯ ಅವಳಿಗೆ ಬೇಕಾಗಿರಲಿಲ್ಲ. ಗಾಡಿ ಕಥೆ ಕೇಳಿ, "ಎರಡ ವರ್ಷ ಫೀ ಕೊಟ್ಟೀರಿ, ಇವನ ಗಾಡಿ ಇನ್ನೂ ಸ್ಟೇಷನ್ನಿನಾಗ ನಿಂತೈತಲ್ಲ?" ಅಂದಳು. ಸ್ಪೀಕರ್ ಆನ್ ಇತ್ತು. ಮಗ ಪುಸ್ತಕ ಎತ್ತಿಕೊಂಡು ಮಾಳಿಗೆಗೆ ಹೋದ.